ಎಚ್‌ಪಿವಿ ಪರೀಕ್ಷೆ: ಮಾದರಿ ತೆಗೆಯುವುದು ಸುಲಭ, ವರದಿ ಓದುವುದು ಹೇಗೆ?

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್. ಆ ಕ್ಯಾನ್ಸರ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಸುಳಿವು ಕೊಡುವ ಪರೀಕ್ಷೆ ಇದು. ಕಿಟ್‌ನಲ್ಲಿರುವ ಕಡ್ಡಿಯಿಂದ ಯೋನಿಯೊಳಗಿನ ಮಾದರಿಯನ್ನು ನೀವೇ ತೆಗೆದುಕೊಳ್ಳಬಹುದು. ಆ ಕೆಲಸದಲ್ಲಿ ಎಡವುವವರು ಕಡಿಮೆ, ಎಡವುವುದೆಲ್ಲ ವರದಿ ಕೈಗೆ ಬಂದ ಮೇಲೆ. ‘ಪಾಸಿಟಿವ್’ ಎಂದು ಕಂಡೊಡನೆ ಕ್ಯಾನ್ಸರೇ ಬಂತೆಂದು ಊಟ ಬಿಡುವವರಿದ್ದಾರೆ. ನೋವಿಲ್ಲವಲ್ಲ ಎಂದು ಕಾಗದವನ್ನು ಬೀರುವಿನಲ್ಲಿಟ್ಟು ಮರೆಯುವವರೂ ಇದ್ದಾರೆ. ಎರಡೂ ತಪ್ಪೇ.

1. ದಿನ ಆರಿಸಿ. 30 ವರ್ಷ ದಾಟಿದವರು ಮಾಡಿಸಬೇಕು. ಎಚ್‌ಐವಿ ಇರುವವರು 25ರಿಂದಲೇ. ಆ ತಿಂಗಳ ಮುಟ್ಟು ಪೂರ್ತಿ ಮುಗಿದಿರಲಿ. ಎರಡು ದಿನ ಮೊದಲಿನಿಂದ ಯೋನಿಯೊಳಗೆ ಕ್ರೀಮು, ಮಾತ್ರೆ ಬೇಡ. ‘ಒಳಗಿನ ಸ್ವಚ್ಛತೆ’ಗೆಂದು ಮಾರುವ ವಾಶ್‌ಗಳಂತೂ ಎಂದಿಗೂ ಬೇಡ. ಸಂಭೋಗದ ನಂತರ ಅಥವಾ ಮುಟ್ಟು ನಿಂತ ವಯಸ್ಸಿನಲ್ಲಿ ರಕ್ತ ಕಾಣುತ್ತಿದ್ದರೆ, ದುರ್ವಾಸನೆಯ ಸ್ರಾವವಿದ್ದರೆ ಈ ಕಿಟ್ ನಿಮಗಲ್ಲ, ನೇರವಾಗಿ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

2. ಮಾದರಿ ತೆಗೆಯಿರಿ. ಟ್ಯೂಬಿನ ಮೇಲೆ ಹೆಸರು, ತಾರೀಖು ಮೊದಲೇ ಬರೆಯಿರಿ. ಕೈ ತೊಳೆದು, ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು, ಕಡ್ಡಿಯನ್ನು ಯೋನಿಯೊಳಗೆ ಸುಮಾರು 5 ಸೆಂ.ಮೀ. ಬಿಡಿ. 20ರಿಂದ 30 ಸೆಕೆಂಡು ನಿಧಾನವಾಗಿ ತಿರುಗಿಸಿ. ಎಣ್ಣೆ, ಜೆಲ್ ಸವರಬೇಡಿ. ಹೊರತೆಗೆಯುವಾಗ ತುದಿ ಬಟ್ಟೆಗಾಗಲಿ ಬೆರಳಿಗಾಗಲಿ ತಾಗದಂತೆ ಟ್ಯೂಬಿಗಿಳಿಸಿ, ಮುಚ್ಚಳ ಬಿಗಿ ಮಾಡಿ. ಟ್ಯೂಬಿನಲ್ಲಿ ದ್ರವವಿದ್ದರೆ ಚೆಲ್ಲಬೇಡಿ. ಕಿಟ್‌ನ ಸೂಚನೆ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಇದೇ ಮಾದರಿಯಲ್ಲಿ ಪ್ಯಾಪ್ ಪರೀಕ್ಷೆ (ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಆಗದು. ಅದಕ್ಕೆ ಗರ್ಭಕಂಠದಿಂದಲೇ ಜೀವಕೋಶ ಬೇಕು.

ಲ್ಯಾಬಿಗೆ ಕೊಡುವಾಗ ‘ಹೆಚ್ಚು ಅಪಾಯದ ತಳಿಗಳ ಡಿಎನ್‌ಎ ಪರೀಕ್ಷೆ’ ಎಂದೇ ಕೇಳಿ. ಎಚ್‌ಪಿವಿಯ 6, 11ನೇ ತಳಿಗಳು ಜನನಾಂಗದ ನರಹುಲಿ ತರುತ್ತವೆ. ಕ್ಯಾನ್ಸರ್ ತಪಾಸಣೆಯಲ್ಲಿ ಅವುಗಳಿಗೆ ಹಣ ಕೊಡುವುದು ದಂಡ.

3. ವರದಿ ಓದಿ. ‘ಇನ್‌ವ್ಯಾಲಿಡ್’ ಎಂದರೆ ನೆಗೆಟಿವ್ ಅಲ್ಲ, ಮಾದರಿ ಮತ್ತೆ ಕೊಡಬೇಕು. ನೆಗೆಟಿವ್ ಬಂದರೆ 5 ವರ್ಷಕ್ಕೊಮ್ಮೆ ಸಾಕು. ಎಚ್‌ಐವಿ ಇರುವವರು 3 ವರ್ಷಕ್ಕೇ ಮಾಡಿಸಲಿ.

ಪಾಸಿಟಿವ್ ಬಂದರೆ ಅದು ವೈರಸ್ ಇದೆ ಎಂಬ ಮಾತು ಮಾತ್ರ. ಹೆಚ್ಚಿನವರಲ್ಲಿ ದೇಹವೇ ಒಂದೆರಡು ವರ್ಷದಲ್ಲಿ ಅದನ್ನು ಅಡಗಿಸುತ್ತದೆ. ತೊಂದರೆ ಅಡಗದೆ ಉಳಿದವರದು. ಗರ್ಭಕಂಠದ ಬಾಯಿಯಲ್ಲಿ ಎರಡು ಬಗೆಯ ಜೀವಕೋಶಗಳು ಕೂಡುವ ಅಂಚಿದೆ. ವೈರಸ್ ಅಲ್ಲಿನ ಸೂಕ್ಷ್ಮ ಗಾಯಗಳ ಮೂಲಕ ತಳದ ಕೋಶಗಳನ್ನು ಸೇರಿ ಇ6, ಇ7 ಎಂಬ ಎರಡು ಪ್ರೋಟೀನ್ ಮಾಡಿಸುತ್ತದೆ. ಡಿಎನ್‌ಎ ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಕಾವಲು ಪ್ರೋಟೀನು ಪಿ53. ಇ6 ಅದನ್ನು ಒಡೆದುಹಾಕಿಸುತ್ತದೆ. ಕೋಶ ಒಡೆದು ಎರಡಾಗುವುದಕ್ಕೆ ಆರ್‌ಬಿ ಎಂಬ ಪ್ರೋಟೀನು ಬ್ರೇಕು. ಇ7 ಅದನ್ನು ಕಿತ್ತುಹಾಕುತ್ತದೆ. ಕಾವಲೂ ಬ್ರೇಕೂ ಇಲ್ಲದ ಕೋಶ ತಪ್ಪುಗಳನ್ನು ಹೊತ್ತುಕೊಂಡೇ ಬೆಳೆಯುತ್ತ ಹೋಗುತ್ತದೆ. ಇಷ್ಟಾಗಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5–10 ವರ್ಷ ಸಾಕು.

ಈಗ ತಳಿ ನೋಡಿ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಪ್ರಕರಣಗಳಿಗೆ 16 ಮತ್ತು 18 ಕಾರಣ. ಇವೆರಡರಲ್ಲಿ ಒಂದಿದ್ದರೂ ಕಾಲ್ಪೋಸ್ಕೋಪಿಗೆ (ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ) ದಿನ ಗೊತ್ತು ಮಾಡಿಕೊಳ್ಳಿ. ಬೇರೆ ತಳಿಯಾದರೆ ಮೊದಲು ಪ್ಯಾಪ್ ಅಥವಾ ವಿಐಎ. ವಿಐಎಯಲ್ಲಿ ಗರ್ಭಕಂಠಕ್ಕೆ 3–5% ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ.

ಮೆಡಿಕಲ್ ಶಾಪಿನಲ್ಲಿ ‘ಎಚ್‌ಪಿವಿ ಮಾತ್ರೆ’ ಕೇಳಬೇಡಿ, ಈ ವೈರಸ್ಸನ್ನು ಓಡಿಸುವ ಮಾತ್ರೆ ಇಲ್ಲ. ಪಾಸಿಟಿವ್ ಎಂದಷ್ಟಕ್ಕೇ ಗರ್ಭಕೋಶ ತೆಗೆಸಲು ಒಪ್ಪಬೇಡಿ. ಕ್ಯಾನ್ಸರ್‌ಪೂರ್ವ ಹಂತವಾದರೆ ಆ ಭಾಗವನ್ನಷ್ಟೇ ಸುಡುತ್ತಾರೆ ಇಲ್ಲವೇ ತೆಳುವಾಗಿ ಕತ್ತರಿಸಿ ತೆಗೆಯುತ್ತಾರೆ. ಗಂಡ ಹೆಂಡತಿ ಜಗಳಕ್ಕಿಳಿಯುವುದೂ ಬೇಡ. ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಯಾವಾಗ ಯಾರಿಂದ ಬಂತೆಂದು ವರದಿ ಹೇಳದು.

4. ಮತ್ತೆ ಪರೀಕ್ಷೆ. ಚಿಕಿತ್ಸೆಯಾದ 12 ತಿಂಗಳಿಗೆ ಡಿಎನ್‌ಎ ಪರೀಕ್ಷೆ ಮರುಮಾಡಿಸಿ. ಲಸಿಕೆ ಈಗಿರುವ ಸೋಂಕನ್ನು ತೆಗೆಯದು, ಆದರೆ ಮನೆಯಲ್ಲಿ 9ರಿಂದ 14ರ ಮಗಳಿದ್ದರೆ ಅವಳಿಗೆ ಹಾಕಿಸಲು ಇದೇ ಸರಿಯಾದ ವಯಸ್ಸು.