ಬೀದಿಯಿಂದ ಎತ್ಕೊಂಡು ಬಂದ ನಾಯಿ ಹೋದ್ಮೇಲೆ ಅದರ ನೆನಪು ಉಳಿಸ್ಕೊಳ್ಳೋದು ಹೇಗೆ

ನಮ್ಮ ಕೆಂಚಿ ಹೋಗಿ ಎರಡು ವರ್ಷ ಆಯ್ತು. ಜೋರು ಮಳೇಲಿ ಮೋರಿ ಪೈಪ್ ಒಳಗೆ ಸಿಕ್ಕಿದ ಮರಿ, ಮೈತುಂಬಾ ರಕ್ತ ಹೀರೋ ಉಣ್ಣಿ, ಹಿಂದಿನ ಕಾಲು ಊದಿತ್ತು. ಒಂದು ವಾರ ಇಟ್ಕೊಂಡು ಯಾರಿಗಾದ್ರೂ ಕೊಟ್ಬಿಡೋಣ ಅಂತ ಅಮ್ಮ ಅಂದಿದ್ರು, ಹನ್ನೊಂದು ವರ್ಷ ನಮ್ಮನೆ ಬಾಗಿಲಲ್ಲೇ ಇದ್ಲು. ಅಪ್ಪಂಗೆ ಸ್ಟ್ರೋಕ್ ಆಗಿ ವಾಕರ್ ಹಿಡ್ಕೊಂಡು ಮತ್ತೆ ನಡೆಯೋದು ಕಲೀತಿದ್ದಾಗ ಇವಳು ಎರಡು ಹೆಜ್ಜೆ ಮುಂದೆ ಹೋಗಿ ನಿಂತು ತಿರುಗಿ ನೋಡೋಳು, ಅಪ್ಪ ಹತ್ರ ಬಂದ್ಮೇಲೇನೇ ಮತ್ತೆರಡು ಹೆಜ್ಜೆ. ಅವಳು ಹೋದಾಗ ಏನು ಮಾಡ್ಬೇಕು ಅಂತ ನಮಗೆ ಯಾರೂ ಹೇಳಿರ್ಲಿಲ್ಲ, ಅದಕ್ಕೆ ಇದನ್ನ ಬರೀತಿದೀನಿ.

ಮೊದಲ ಎರಡು ಮೂರು ಗಂಟೆ ತುಂಬಾ ಮುಖ್ಯ, ಆಮೇಲೆ ಮೈ ಸೆಟೆದುಕೊಳ್ಳುತ್ತೆ. ಅಷ್ಟರೊಳಗೆ ನಾಲ್ಕೂ ಕಾಲು ಮಡಚಿ, ಮಲಗಿದ ಹಾಗೆ ಸುತ್ತಿ ಇಡಿ. ಕೆಳಗೆ ಹಳೇ ಪೇಪರ್, ಅದರ ಮೇಲೆ ಟವೆಲ್ ಹಾಸಿ, ಯಾಕಂದ್ರೆ ಬಾಯಿಂದ, ಹಿಂದಿನಿಂದ ಸ್ವಲ್ಪ ನೀರು ಬರುತ್ತೆ. ಕಣ್ಣು ತೆರೆದೇ ಇರಬಹುದು, ಅದು ನೋವಿಂದಲ್ಲ, ಹಂಗೇ ಇರೋದು. ರೇಬಿಸ್ ಅನುಮಾನ ಇದ್ರೆ ಮಾತ್ರ ಬರಿಗೈಲಿ ಮುಟ್ಟೋದೇ ಬೇಡ, ಮೊದ್ಲು ವೆಟ್‌ಗೆ ಫೋನ್ ಮಾಡಿ.

ಮಣ್ಣು ಮಾಡೋಕೆ ಜಾಗ ಇದ್ರೆ ಗುಂಡಿ ಮೂರೂವರೆ ನಾಲ್ಕು ಅಡಿ ಆಳ ಇರ್ಲಿ, ಬಾವಿ ಬೋರ್‌ವೆಲ್‌ನಿಂದ ದೂರ. ಪ್ಲಾಸ್ಟಿಕ್ ಕವರ್ ಬೇಡ, ಹಳೇ ಕಾಟನ್ ಸೀರೆ ಸಾಕು, ನಾವು ಅಮ್ಮನ ಸೀರೇಲೇ ಸುತ್ತಿದ್ವಿ. ಮೇಲೆ ದಪ್ಪ ಕಲ್ಲು ಹೇರಿ, ಇಲ್ಲಾಂದ್ರೆ ಬೇರೆ ನಾಯಿಗಳು ಕೆದಕ್ತವೆ. ವಾಸಿಯಾಗಲ್ಲ ಅಂತ ವೆಟ್ ಇಂಜೆಕ್ಷನ್ ಕೊಟ್ಟು ಜೀವ ಬಿಡಿಸಿದ್ರೆ ಈ ಆಳದ ವಿಷ್ಯದಲ್ಲಿ ಇನ್ನೂ ಹುಷಾರಾಗಿರಿ, ಆ ಔಷಧಿ ದೇಹದಲ್ಲೇ ಉಳಿದಿರುತ್ತೆ, ಅದನ್ನ ತಿಂದ ಪ್ರಾಣಿಗೂ ಅಪಾಯ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್‌ನಲ್ಲಿರೋರಿಗೆ ಕೆಂಗೇರಿ ಕಡೆ ಪ್ರಾಣಿಗಳನ್ನ ಕಾಪಾಡೋ ಸಂಸ್ಥೆ ಪೀಪಲ್ ಫಾರ್ ಅನಿಮಲ್ಸ್‌ನವರ ಪೆಟ್ ಸ್ಮಶಾನ ಇದೆ, ಹೋಗೋಕೆ ಮುಂಚೆ ಒಂದು ಫೋನ್ ಮಾಡಿ ಕೇಳ್ಕೊಳ್ಳಿ.

ಪಂಜದ ಗುರುತು ಬೇಕಂದ್ರೆ ಅದು ಬದುಕಿದ್ದಾಗ್ಲೇ ತಗೊಳ್ಳೋದು ಒಳ್ಳೇದು, ವಯಸ್ಸಾದ ನಾಯಿ ಇದ್ರೆ ಈ ಭಾನುವಾರವೇ ಮಾಡಿ. ಒಂದು ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, ಸುಮಾರು ಅರ್ಧ ಕಪ್ ನೀರು, ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ಅರ್ಧ ಇಂಚು ದಪ್ಪ ತಟ್ಟಿ ಪಂಜ ಒತ್ತಿ. ಓವನ್ ಇದ್ರೆ ನೂರು ಡಿಗ್ರೀಲಿ ಎರಡು ಮೂರು ಗಂಟೆ ಒಣಗಿಸಿ, ಇಲ್ಲಾಂದ್ರೆ ಒಳ್ಳೆ ಬಿಸಿಲಲ್ಲಿ ಹಪ್ಪಳದ ಥರ ತಿರುಗಿಸ್ತಾ ನಾಲ್ಕೈದು ದಿನ. ಆದ್ರೆ ನಾಯಿ ತಿನ್ನದ ಹಾಗೆ ನೋಡ್ಕೊಳ್ಳಿ, ಅಷ್ಟು ಉಪ್ಪು ಅವಕ್ಕೆ ವಿಷ, ಒತ್ತಿದ ತಕ್ಷಣ ಪಂಜ ತೊಳೆದುಬಿಡಿ. ನಾವು ಇದನ್ನ ಮಾಡಿರ್ಲಿಲ್ಲ, ನಂಗೆ ಇವತ್ತಿಗೂ ಅದೊಂದು ಕೊರತೆ. ಕೂದಲು ಮಾತ್ರ ಕತ್ತಿನ ಹತ್ರದ್ದು ಒಂದು ಚಿಟಿಕೆ ಕತ್ತರಿಸಿ ಪೇಪರ್ ಕವರ್‌ನಲ್ಲಿ ಇಟ್ಟಿದೀವಿ.

ಈಗ ಬರೆಯೋ ವಿಷ್ಯ. ಇದನ್ನ ನಾನು ಕಲ್ತಿದ್ದು ಒಂದು ಕಲ್ಲಿಂದ. ಮದ್ದೂರು ತಾಲ್ಲೂಕಿನ ಆತಕೂರಲ್ಲಿ ಸಿಕ್ಕಿದ ಶಾಸನ, ಕ್ರಿ.ಶ. 949ರ ಸುಮಾರಿಂದು, ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆ ಮ್ಯೂಸಿಯಂನಲ್ಲಿದೆ. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಗಂಗರ ರಾಜ ಬೂತುಗನ ಕಡೆ ಹೋರಾಡಿದ ಮಣಲರತ ಅನ್ನೋನಿಗೆ ಏನು ಬೇಕು ಕೇಳು ಅಂದಾಗ ಅವನು ಕಾಳಿ ಅನ್ನೋ ನಾಯಿ ಕೇಳಿ ಪಡೆದ. ಆ ಕಾಳಿ ಬೇಟೇಲಿ ದೊಡ್ಡ ಹಂದಿ ಜೊತೆ ಹೋರಾಡಿ ಎರಡೂ ಸತ್ತವು. ಅವಳ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಜಮೀನು ಬಿಟ್ಟು, ಅಲ್ಲಿ ನೋಡ್ಕೊಳ್ಳೋ ಗೊರವ, ಅಂದ್ರೆ ಶಿವನ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡ್ದೆ ಊಟ ಮಾಡಿದ್ರೆ ಪಾಪ ಸುತ್ಕೊಳ್ಳುತ್ತೆ ಅಂತ ಕೆತ್ತಿಸಿದಾರೆ. ಕಲ್ಲಲ್ಲಿ ನಾಯಿ ಹಂದಿ ಮೇಲೆ ಬೀಳ್ತಿರೋ ಚಿತ್ರ ಇದೆ. ಆ ಕಲ್ಲಲ್ಲಿ ಅವಳು ಒಳ್ಳೆ ನಾಯಿ, ನಿಯತ್ತಿನ ನಾಯಿ ಅಂತ ಹೊಗಳ್ತಾ ಕೂತಿಲ್ಲ, ಹೆಸರೇನು, ಹೆಂಗೆ ಬಂದ್ಲು, ಯಾವ ಜಾಗದಲ್ಲಿ ಏನು ಮಾಡಿದ್ಲು, ಇನ್ಮೇಲೆ ದಿನಾ ಯಾರು ಏನು ಮಾಡ್ಬೇಕು, ಇಷ್ಟೇ. ಸಾವಿರ ವರ್ಷದ ಮೇಲೂ ಅವಳು ಗೊತ್ತಾಗ್ತಾಳೆ.

ನೀವೂ ಹಂಗೇ ಬರೀರಿ, ಮೊದಲ ವಾರದಲ್ಲೇ, ಒಂದು ನೋಟ್‌ಬುಕ್‌ನಲ್ಲಿ. ಎಲ್ಲಿ ಸಿಕ್ತು, ಅವತ್ತು ಮಳೆ ಇತ್ತಾ, ಮೊದಲು ಏನು ತಿಂತು, ಹೆಸರು ಯಾರಿಟ್ರು. ರೆಸ್ಕ್ಯೂ ನಾಯಿಗೆ ಹುಟ್ಟಿದ ದಿನ ಗೊತ್ತಿರಲ್ಲ, ಸಿಕ್ಕಿದ ದಿನಾನೇ ಬರ್ಕೊಳ್ಳಿ. ಕಿವಿ ತುದಿ ಕಟ್ ಆಗಿದ್ರೆ ಅದನ್ನೂ ಬರೀರಿ, ಅದು ಮರಿ ಆಗದ ಹಾಗೆ ಆಪರೇಷನ್ ಆಗಿರೋ ಗುರುತು, ಎಷ್ಟೋ ಜನ ಗಾಯ ಅಂದ್ಕೊಂಡಿರ್ತಾರೆ. ಲಸಿಕೆ ಬುಕ್ ಬಿಸಾಕ್ಬೇಡಿ, ತಾರೀಖು, ತೂಕ ಎಲ್ಲ ಅದರಲ್ಲೇ ಸಿಗುತ್ತೆ. ಆಮೇಲೆ ಮನೇಲಿರೋ ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿ, ಯಾಕಂದ್ರೆ ಒಂದೇ ನಾಯಿ ಒಬ್ಬೊಬ್ಬರ ಹತ್ರ ಒಂದೊಂದು ಥರ ಇರುತ್ತೆ, ಅಜ್ಜಿ ದಿನಾ ಮಧ್ಯಾಹ್ನ ಯಾರಿಗೂ ಗೊತ್ತಾಗದ ಹಾಗೆ ಕೆಂಚಿಗೆ ಅರ್ಧ ಇಡ್ಲಿ ಹಾಕ್ತಿದ್ರು ಅಂತ ನಮಗೆ ಗೊತ್ತಾಗಿದ್ದೇ ಆಗ.

ಫೋಟೋ ವಾಟ್ಸಾಪ್‌ನಲ್ಲಿ ಕಳಿಸ್ಕೊಳ್ಳೋವಾಗ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ, ಇಲ್ಲಾಂದ್ರೆ ಕ್ಲಾರಿಟಿ ಹೋಗುತ್ತೆ. ಬೊಗಳಿದ್ದು, ಗೊರಕೆ ಹೊಡೆದಿದ್ದು ಇರೋ ವಿಡಿಯೋ ಎರಡು ಕಡೆ ಇಡಿ.

ಮಕ್ಕಳಿಗೆ ಊರಿಗೆ ಹೋಗಿದೆ, ಮಲಗಿದೆ ಅಂತ ಹೇಳ್ಬೇಡಿ, ಅವು ಕಾಯ್ತಾ ಕೂರ್ತವೆ. ಸತ್ತೋಯ್ತು ಕಂದಾ, ಇನ್ನು ಬರಲ್ಲ ಅಂತಾನೇ ಹೇಳಿ, ಅಳೋಕೆ ಬಿಡಿ, ನೀವೂ ಅಳಿ. ಬರೀ ನಾಯಿಗೆ ಇಷ್ಟಾ ಅಂತ ನೆಂಟರು ಕೇಳ್ತಾರೆ, ಅವರಿಗೆ ಉತ್ತರ ಕೊಡೋಕೆ ಹೋಗ್ಬೇಡಿ, ಸುಸ್ತಾಗುತ್ತೆ.

ತಟ್ಟೆ, ಬೆಡ್‌ಶೀಟ್ ಬೇರೆ ನಾಯಿಗೆ ಕೊಡೋದು ಒಳ್ಳೇದೇ. ಆದ್ರೆ ನಿಮ್ಮ ನಾಯಿ ಪಾರ್ವೋ ಅನ್ನೋ ವಾಂತಿ ಭೇದಿ ರೋಗ ಬಂದು ಸತ್ತಿದ್ರೆ ಕೊಡ್ಬೇಡಿ, ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತೆ, ಸೋಪಿಗೆ ಸಾಯಲ್ಲ. ನೆಲಕ್ಕೆ ಬ್ಲೀಚ್ ಹಾಕಿ ತೊಳೀಬೇಕು, ಹೊಸ ಮರಿ ತರೋದಾದ್ರೆ ಲಸಿಕೆ ಪೂರ್ತಿ ಆಗಿರೋದನ್ನೇ ತನ್ನಿ. ಹೊಸ ಮರಿ ಯಾವಾಗ ಅನ್ನೋದಕ್ಕೆ ಲೆಕ್ಕ ಇಲ್ಲ, ಅದಕ್ಕೆ ಹಳೇ ಹೆಸರು ಮಾತ್ರ ಇಡಬೇಡಿ ಅಂತ ನನ್ನ ಮಾತು.

ಕೊನೇದಾಗಿ ದಿನಾ ಮಾಡೋಕೆ ಒಂದು ಕೆಲಸ ಇಟ್ಕೊಳ್ಳಿ. ನಮ್ಮ ಗೇಟ್ ಹೊರಗೆ ನೆರಳಲ್ಲಿ ಸಿಮೆಂಟ್ ತೊಟ್ಟಿ ಇಟ್ಟಿದೀವಿ, ಭಾರ ಇರೋದ್ರಿಂದ ದನ ತಳ್ಳಿದ್ರೂ ಉರುಳಲ್ಲ, ಆಳ ಒಂದು ಗೇಣು, ಮರಿಗೂ ಬಾಯಿ ಎಟುಕುತ್ತೆ. ನೀರು ದಿನಾ ಚೆಲ್ಲಿ ತೆಂಗಿನ ನಾರಲ್ಲಿ ಉಜ್ಜಿ ತುಂಬಿಸ್ಬೇಕು, ಬಿಟ್ರೆ ಪಾಚಿ ಕಟ್ಟಿ ಸೊಳ್ಳೆ ಮೊಟ್ಟೆ ಇಡ್ತವೆ. ಈಗ ಆ ಕೆಲಸ ಅಪ್ಪನದು, ವಾಕರ್ ಬಿಟ್ಟು ಕೋಲು ಹಿಡ್ದಿದಾರೆ, ತೊಟ್ಟಿ ತುಂಬಿಸಿ ಬಂದ್ಮೇಲೇ ತಿಂಡಿಗೆ ಕೂರೋದು.