ಶೂಲದ ಶಿಕ್ಷೆ: ಲಾಕೀಶ್ ಕಲ್ಲುಕೆತ್ತನೆಯನ್ನು ಹೀಗೆ ನೋಡಿ

ಶೂಲಕ್ಕೇರಿಸುವುದು ಎಂದರೆ ಚೂಪಾದ ಕಂಬಕ್ಕೆ ಮನುಷ್ಯನ ಮೈಯನ್ನು ಚುಚ್ಚಿ ಎತ್ತಿ ನಿಲ್ಲಿಸುವುದು. ಬರೀ ಕೊಲ್ಲಬೇಕಿದ್ದರೆ ಕತ್ತಿ ಸಾಕಿತ್ತು, ಅಲ್ವಾ? ರಾಜರಿಗೆ ಬೇಕಿದ್ದದ್ದು ಅದನ್ನು ನೋಡುವ ಜನ. ಇದನ್ನು ಕಣ್ಣಾರೆ ತಿಳಿಯಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಲಾಕೀಶ್ ಕೆತ್ತನೆಗಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಅಲ್ಲಿಗೆ ಹೋಗಲಾಗದಿದ್ದರೆ ಫೋಟೊ ಸಾಕು.

1. ಮೊದಲು ಕೆತ್ತಿಸಿದವರು ಯಾರು ಎಂದು ತಿಳಿಯಿರಿ. ಈಗಿನ ಇರಾಕಿನ ಕಡೆಯ ಅಸ್ಸೀರಿಯಾದ ದೊರೆ ಸೆನ್ನಾಕೆರಿಬ್ ಕ್ರಿ.ಪೂ. 701ರಲ್ಲಿ, ಈಗಿನ ಇಸ್ರೇಲಿನಲ್ಲಿರುವ, ಯೂದಾ ರಾಜ್ಯದ ಲಾಕೀಶ್ ಪಟ್ಟಣವನ್ನು ಗೆದ್ದ. ಆ ಗೆಲುವನ್ನು ತನ್ನ ರಾಜಧಾನಿ ನಿನೆವೆಯ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿದ. ಅಂದರೆ ಇದು ಗೆದ್ದವನು ಹೇಳುವ ಕಥೆ.

2. ಕೋಟೆಯ ಬುಡದಲ್ಲಿರುವ ಮೂವರನ್ನು ಹುಡುಕಿ. ಮೈಮೇಲೆ ಬಟ್ಟೆಯಿಲ್ಲ. ಕಂಬದ ತುದಿ ಎದೆಯ ಕೆಳಗೆ ನಾಟಿದೆ. ತಲೆ ಮುಂದಕ್ಕೆ ಜೋತುಬಿದ್ದಿದೆ, ಕೈಕಾಲು ಇಳಿಬಿದ್ದಿವೆ. ಪಕ್ಕದಲ್ಲಿ ಸೈನಿಕರು ಕಂಬವನ್ನು ನೆಟ್ಟಗೆ ನಿಲ್ಲಿಸುತ್ತಿದ್ದಾರೆ. ಅವರಿಗೆ ಅದು ಆ ದಿನದ ಕೆಲಸ, ಅಷ್ಟೇ. ನನಗೆ ಎಲ್ಲಕ್ಕಿಂತ ಜಾಸ್ತಿ ಕಲಕುವುದು ಇದೇ.

3. ಈಗ ಸುತ್ತಲೂ ನೋಡಿ. ಸೋತ ಊರಿನವರು ಗಂಟುಮೂಟೆ ಹೊತ್ತು ಹೊರಟಿದ್ದಾರೆ. ಎತ್ತಿನ ಗಾಡಿಯ ಮೇಲೆ ಹೆಂಗಸರು, ಮಕ್ಕಳು. ಸಿಂಹಾಸನದಲ್ಲಿ ಕೂತ ದೊರೆಯ ಮುಂದೆ ಕೊಳ್ಳೆ ಸಾಗುತ್ತಿದೆ. ಕಂಬದ ಮೇಲಿನ ಮೂವರು ಬದುಕಿ ಉಳಿದವರಿಗೆ ಬರೆದ ಎಚ್ಚರಿಕೆ. ಅರಮನೆಯಲ್ಲಿ ಈ ಗೋಡೆಯನ್ನು ನೋಡಿದವರಿಗೂ ಅದೇ ಎಚ್ಚರಿಕೆ.

4. ಬೇರೆ ಕಾಲಗಳ ಜೊತೆ ಹೋಲಿಸಿ. ಇದಕ್ಕೂ ಸಾವಿರ ವರ್ಷ ಹಿಂದಿನ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನಿನಲ್ಲಿ, ಇನ್ನೊಬ್ಬನಿಗಾಗಿ ಗಂಡನನ್ನು ಕೊಲ್ಲಿಸಿದ ಹೆಂಗಸಿಗೆ ಶೂಲವೇ ಶಿಕ್ಷೆ. ಪರ್ಷಿಯಾದ ದೊರೆ ದಾರಿಯಸ್, ಈಗಿನ ಇರಾನಿನ ಬೆಹಿಸ್ತೂನ್ ಬಂಡೆಯ ಶಾಸನದಲ್ಲಿ ದಂಗೆಕೋರ ಫ್ರವರ್ತಿಷನ ಬಗ್ಗೆ ಹೇಳುವುದನ್ನು ಗಮನಿಸಿ: ಮೂಗು, ಕಿವಿ ಕತ್ತರಿಸಿ ಅರಮನೆಯ ಬಾಗಿಲಲ್ಲಿ ಕಟ್ಟಿಹಾಕಿದೆ, ಜನರೆಲ್ಲ ನೋಡಿದರು, ಆಮೇಲೆ ಶೂಲಕ್ಕೇರಿಸಿದೆ ಎನ್ನುತ್ತಾನೆ. ‘ಜನರೆಲ್ಲ ನೋಡಿದರು’ ಎಂಬುದನ್ನು ಅವನು ಬಿಟ್ಟಿಲ್ಲ. ನಮ್ಮ ಮಹಾಭಾರತದ ಮಾಂಡವ್ಯ ಋಷಿಯನ್ನೂ ಮರೆಯಬೇಡಿ. ಕಳ್ಳರು ಅವನ ಆಶ್ರಮದಲ್ಲಿ ಅಡಗಿಕೊಂಡರು, ರಾಜನ ಭಟರು ಅವನನ್ನೂ ಹಿಡಿದು ಶೂಲಕ್ಕೆ ಹಾಕಿದರು. ತಪ್ಪಿಲ್ಲದವನಿಗೂ ಈ ಶಿಕ್ಷೆ ಬೀಳಬಹುದೆಂದು ಆ ಕಥೆ ಕಟ್ಟಿದವರಿಗೆ ಗೊತ್ತಿತ್ತು.

5. ದೊಡ್ಡ ಸಂಖ್ಯೆ ಕಂಡರೆ ಸುಮ್ನೆ ನಂಬಬೇಡಿ. 1462ರಲ್ಲಿ ವಲೇಕಿಯಾದ (ಈಗಿನ ರೊಮೇನಿಯಾದ ಭಾಗ) ದೊರೆ ವ್ಲಾಡ್ ಸುಮಾರು 20,000 ಜನರನ್ನು ಶೂಲಕ್ಕೇರಿಸಿದ್ದನ್ನು ತುರ್ಕಿ ಸೈನ್ಯ ಕಂಡಿತು ಎಂದು ಗ್ರೀಕ್ ಇತಿಹಾಸಕಾರ ಖಾಲ್ಕೊಕೊಂಡೈಲಿಸ್ ಬರೆದಿದ್ದಾನೆ. ಹೆದರಿಕೆ ಹುಟ್ಟಿಸಲೆಂದೇ ಮಾಡಿದ ಕೆಲಸದ ಲೆಕ್ಕ ಬಾಯಿಂದ ಬಾಯಿಗೆ ಬೆಳೆಯುತ್ತದೆ. ವ್ಲಾಡ್‌ಗೂ ಅದು ಬೆಳೆಯುವುದೇ ಬೇಕಿತ್ತು.