ಹಾಸಿಗೆಯೊಳಗಿನ ಸೂಜಿ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಖಾಲಿ ಮಾಡಿಕೊಡುವುದು ನನ್ನ ಕೆಲಸ. ಅಗ್ರಹಾರ, ಚಾಮುಂಡಿಪುರಂ, ಲಕ್ಷ್ಮೀಪುರಂ ಕಡೆಯ ಹೆಂಚಿನ ಮನೆಗಳೇ ಹೆಚ್ಚು. ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ, ಮನೆ ಮಾರಾಟಕ್ಕೆ ಬಂದಿರುತ್ತದೆ. ಬೇಕಾದ್ದನ್ನು ಅವರು ಎತ್ತಿಟ್ಟುಕೊಂಡ ಮೇಲೆ ಉಳಿದದ್ದೆಲ್ಲ ನಮ್ಮ ಪಾಲಿಗೆ. ಗುಜರಿಗೆ ಹೋಗುವುದು ಗುಜರಿಗೆ, ಕಸಕ್ಕೆ ಹೋಗುವುದು ಕಸಕ್ಕೆ. ನಾವು ಐದು ಜನ, ಒಂದು ಟಾಟಾ ಏಸ್ ಗಾಡಿ.

ಮೊದಲ ಆರು ವರ್ಷ ಇದನ್ನು ಭಾರ ಎತ್ತುವ ಕೆಲಸ ಎಂದೇ ತಿಳಿದಿದ್ದೆ. ಪೆಟ್ಟಾದರೆ ಸೊಂಟಕ್ಕೆ, ಇಲ್ಲವೇ ಬಾಗಿಲಿಗೆ ಸಿಕ್ಕಿದ ಬೆರಳಿಗೆ. ಆ ತಿಳಿವಳಿಕೆಯನ್ನು ಬಿಡಿಸಿದ್ದು ಒಂದು ಹತ್ತಿಯ ಹಾಸಿಗೆ.

ಅದು ಹತ್ತಾರು ವರ್ಷ ಸಕ್ಕರೆ ಕಾಯಿಲೆಯಿದ್ದ ಒಬ್ಬ ಹಿರಿಯರ ಮನೆ. ನಡುಮನೆಯ ಮಂಚದ ಮೇಲಿನ ಹಾಸಿಗೆಯನ್ನು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಸುರುಳಿ ಸುತ್ತಿ, ಎದೆಗೆ ಅವಚಿಕೊಂಡು ಹೊರಗೆ ತಂದ. ಹಾಸಿಗೆಯ ಅಂಚಿನ ಹೊಲಿಗೆ ಬಿಟ್ಟಿದ್ದ ಕಡೆ ಒಂದು ಇನ್ಸುಲಿನ್ ಸಿರಿಂಜು ಜಾರಿ ಕುಳಿತಿತ್ತು. ಆ ಸೂಜಿ ಎಷ್ಟು ಸಣ್ಣದೆಂದರೆ ಇರುವೆ ಕಚ್ಚಿದಷ್ಟೂ ನೋವಾಗುವುದಿಲ್ಲ. ಮುಂಗೈ ಮೇಲೆ ಮೂಡಿದ ಒಂದು ಹನಿ ರಕ್ತವನ್ನು ಅವನು ಪ್ಯಾಂಟಿಗೆ ಒರೆಸಿಕೊಂಡು ಕೆಲಸ ಮುಂದುವರಿಸಿದ. ನನಗೆ ಹೇಳಿದ್ದು ಮರುದಿನ ಸಂಜೆ, ಟೀ ಅಂಗಡಿಯ ಮುಂದೆ. "ಅಣ್ಣಾ, ನಿನ್ನೆ ಒಂದು ಸೂಜಿ ಚುಚ್ಚಿತು. ಏನೂ ಆಗುವುದಿಲ್ಲ ಅಲ್ಲವೇ?"

ಅವನನ್ನು ಆಗಿಂದಾಗಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಕೇಳಿದ್ದು ಎರಡು ಪ್ರಶ್ನೆ: ಚುಚ್ಚಿ ಎಷ್ಟು ಹೊತ್ತಾಯಿತು, ಆ ಸೂಜಿ ಯಾರದ್ದು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಶುರುವಾದಷ್ಟೂ ಒಳ್ಳೆಯದು, 28 ದಿನ ನುಂಗಬೇಕು ಎಂದರು. ಹೆಪಟೈಟಿಸ್ ಬಿ ಅದಕ್ಕಿಂತ ಸುಲಭವಾಗಿ ಸೂಜಿಯಿಂದ ಅಂಟುತ್ತದೆ, ಅದಕ್ಕೆ ಲಸಿಕೆ ಇದೆ, ನಿಮ್ಮಲ್ಲಿ ಯಾರಾದರೂ ಹಾಕಿಸಿಕೊಂಡಿದ್ದೀರಾ ಎಂದು ಕೇಳಿದರು. ಐವರಲ್ಲಿ ಒಬ್ಬರೂ ಹಾಕಿಸಿಕೊಂಡಿರಲಿಲ್ಲ.

ಆ ರಾತ್ರಿ ನಾವು ಗಾಡಿಯಲ್ಲಿದ್ದ ಕಾಗದದ ಗೋಣಿಚೀಲಗಳನ್ನೆಲ್ಲ ಬಿಚ್ಚಿ ಕುಳಿತೆವು. ಕರೆಂಟ್ ಬಿಲ್ಲು, ಪಂಚಾಂಗ, ಮದುವೆಯ ಕರೆಯೋಲೆ, ಮತ್ತೆ ಕರೆಂಟ್ ಬಿಲ್ಲು. ನಾಲ್ಕನೆಯ ಚೀಲದಲ್ಲಿ ಆ ಹಿರಿಯರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಕಡತ ಸಿಕ್ಕಿತು. ಅದರಲ್ಲಿ ರಕ್ತಪರೀಕ್ಷೆಯ ವರದಿ ಇತ್ತು. ಎರಡೂ ಕಾಯಿಲೆ ಇಲ್ಲ ಎಂದು ಬರೆದಿತ್ತು. ಅದನ್ನೂ, ಸೂಜಿ ತಿಂಗಳುಗಟ್ಟಲೆ ಒಣಗಿದ್ದನ್ನೂ ನೋಡಿ ವೈದ್ಯರು ಮಾತ್ರೆ ಬೇಡ ಎಂದು ತೀರ್ಮಾನಿಸಿದರು. ಟಿಟಿ ಇಂಜೆಕ್ಷನ್ನೂ ಹೆಪಟೈಟಿಸ್ ಲಸಿಕೆಯ ಮೊದಲ ಡೋಸೂ ಕೊಟ್ಟರು. ಮುಂದಿನ ಎರಡು ರಕ್ತಪರೀಕ್ಷೆಗಳೂ ಚೆನ್ನಾಗಿಯೇ ಬಂದವು. ಆದರೆ ಆ ಮೂರು ತಿಂಗಳು ಅವನ ತಾಯಿಯ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಅವನು ಒಂದು ದಿನ ಬಾಯಿ ಬಿಡಲಿಲ್ಲ ಏಕೆ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಅದು ಗುತ್ತಿಗೆಯ ಕೆಲಸ. ಮನೆ ಖಾಲಿಯಾದರೆ ಇಷ್ಟು ಎಂದು ಒಪ್ಪಿಕೊಂಡು ಐವರಲ್ಲಿ ಹಂಚಿಕೊಳ್ಳುತ್ತಿದ್ದೆವು. ಒಬ್ಬ ಆಸ್ಪತ್ರೆಗೆ ಹೋದರೆ ಕೆಲಸ ಇನ್ನೊಂದು ದಿನಕ್ಕೆ ಎಳೆಯುತ್ತದೆ, ಉಳಿದ ನಾಲ್ವರಿಗೆ ಕೈ ಕಡಿಮೆಯಾಗುತ್ತದೆ. ಹಾಗಾಗಿ ಅವನು ನುಂಗಿಕೊಂಡ. ತಪ್ಪು ಅವನದಲ್ಲ, ನಾನು ಕೂಲಿ ಕೊಡುತ್ತಿದ್ದ ರೀತಿಯದು. ಅಂದಿನಿಂದ ಎಲ್ಲರಿಗೂ ದಿನಗೂಲಿ. ಪೆಟ್ಟಾಗಿ ಆಸ್ಪತ್ರೆಗೆ ಹೋದ ದಿನಕ್ಕೂ ಪೂರ್ತಿ ಕೂಲಿ. ಮನೆಯವರಿಗೆ ಹೇಳುವ ದರ ಸ್ವಲ್ಪ ಏರಿತು, ಕೆಲವು ಕೆಲಸ ಕೈತಪ್ಪಿದವು. ಕೈಗವಸು, ಬೂಟು, ಮುಖಗವಸು ಎಂದು ಎಷ್ಟು ಖರ್ಚು ಮಾಡಿದ್ದರೂ ಈ ಒಂದು ಬದಲಾವಣೆಯಷ್ಟು ಫಲ ಬೇರೆ ಯಾವುದೂ ಕೊಟ್ಟಿಲ್ಲ. ಈಗ ಮೊಳೆ ಗೀರಿದರೂ ಕೂಗಿ ಹೇಳುತ್ತಾರೆ. ಐವರಿಗೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸಿದೆ, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಸೂಜಿ ಚುಚ್ಚಿದರೆ ಹಿಂಡಬಾರದು, ಬಾಯಿಂದ ಹೀರಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೊರಡಬೇಕು. ನಾವು ಹಾಕುವ ರಬ್ಬರಿನ ಕೈಗವಸು ತಗಡಿನ ಅಂಚಿಗೆ, ಗಾಜಿನ ಚೂರಿಗೆ ಒಳ್ಳೆಯದೇ, ಸೂಜಿಯನ್ನು ಮಾತ್ರ ತಡೆಯುವುದಿಲ್ಲ. ಆದ್ದರಿಂದ ಕಣ್ಣಿಗೆ ಕಾಣದ ಜಾಗಕ್ಕೆ ಕೈ ತೂರಿಸುವುದೇ ಇಲ್ಲ. ದಿಂಬು, ಹಾಸಿಗೆ, ಬಟ್ಟೆಯ ಗಂಟನ್ನು ಹಳೆಯ ಬೆಡ್‌ಶೀಟಿನ ಮೇಲೆ ಹಾಕಿ, ಇಬ್ಬರು ನಾಲ್ಕು ಮೂಲೆ ಹಿಡಿದು ಮೈಗೆ ತಾಗದಂತೆ ಹೊರುತ್ತೇವೆ. ಕಸದ ಚೀಲ ತುಂಬಿತೆಂದು ಕೈಯಿಂದಲೋ ಕಾಲಿನಿಂದಲೋ ಒತ್ತುವುದಿಲ್ಲ. ಸಿಕ್ಕ ಸೂಜಿಗಳನ್ನು ಇಕ್ಕಳದಲ್ಲಿ ಎತ್ತಿ ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಪರಿಚಯದ ಕ್ಲಿನಿಕ್ಕಿಗೆ ಒಪ್ಪಿಸುತ್ತೇನೆ. ಬೀದಿಯ ಕಸಕ್ಕೆ ಸೇರಿಸಿದರೆ ಮರುದಿನ ಬೆಳಿಗ್ಗೆ ಅದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಮನೆಯ ಸೂಜಿ, ಅವಧಿ ಮೀರಿದ ಔಷಧಿ, ಪಾದರಸದ ಥರ್ಮಾಮೀಟರ್, ಸಿಎಫ್‌ಎಲ್ ಬಲ್ಬು, ಕೀಟನಾಶಕದ ಡಬ್ಬ ಎಲ್ಲವನ್ನೂ ಅಪಾಯಕಾರಿ ಕಸವೆಂದು ಬೇರೆ ಹೆಸರಿಸಿದ್ದರು. ಅಷ್ಟು ವರ್ಷ ನಾನು ಅವನ್ನೆಲ್ಲ ಒಂದೇ ಗೋಣಿಗೆ ತುಂಬಿದ್ದೆ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಕೆಲಸದ ಮೊದಲ ಅರ್ಧ ಗಂಟೆ ಈಗ ಯಾರೂ ಏನನ್ನೂ ಮುಟ್ಟುವುದಿಲ್ಲ. ಕಿಟಕಿ ಬಾಗಿಲು ತೆರೆದು, ಬ್ಯಾಟರಿ ಹಿಡಿದು ಮನೆ ಸುತ್ತುತ್ತೇವೆ. ಮೀಟರಿನ ಮೇನ್ ಆರಿಸಿದೆಯೇ, ಸಿಲಿಂಡರಿಗೆ ರೆಗ್ಯುಲೇಟರ್ ಇನ್ನೂ ಕಚ್ಚಿಕೊಂಡಿದೆಯೇ, ಅಟ್ಟದ ಹಲಗೆಗೆ ಗೆದ್ದಲು ಹಿಡಿದಿದೆಯೇ, ಹಿತ್ತಲಿನ ಸೌದೆ ರಾಶಿಯಲ್ಲಿ ಹಾವಿನ ಪೊರೆ ಬಿದ್ದಿದೆಯೇ. ಮನೆಯವರನ್ನೂ ಕೇಳುತ್ತೇನೆ: "ಅಮ್ಮ, ಮನೆಯಲ್ಲಿ ಯಾರಾದರೂ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರಾ?" ಕೆಲವರು ಮುಖ ಸಿಂಡರಿಸುತ್ತಾರೆ. ಕೇಳಿಯೇ ತೀರುತ್ತೇನೆ. ಆಸ್ಪತ್ರೆಯ ಕಡತಗಳು ಕೆಲಸ ಮುಗಿದು ಎರಡು ದಿನದವರೆಗೆ ನನ್ನ ಹತ್ತಿರವೇ ಇರುತ್ತವೆ, ಆಮೇಲೆ ಮನೆಯವರಿಗೆ ಹಿಂದಿರುಗಿಸುತ್ತೇನೆ.

ಬಚ್ಚಲುಮನೆಯ ಮೂಲೆ ಇನ್ನೊಂದು ಕಂಟಕ. ನಮ್ಮ ಕಡೆ ಶೌಚಾಲಯ ತೊಳೆಯುವ ಆಸಿಡ್ಡನ್ನು ತಂಪು ಪಾನೀಯದ ಬಾಟಲಿಗಳಲ್ಲಿ ಇಡುವ ರೂಢಿ ಇದೆ, ಮೇಲೆ ಚೀಟಿಯೂ ಇರುವುದಿಲ್ಲ. ಒಮ್ಮೆ ನಾನೇ ಬಾಟಲಿ ಖಾಲಿ ಮಾಡಿಬಿಡೋಣ ಎಂದು ಬಚ್ಚಲಿಗೆ ಸುರಿದೆ. ಅಲ್ಲಿ ಆಗಲೇ ಬ್ಲೀಚಿಂಗ್ ಪುಡಿ ಚೆಲ್ಲಿತ್ತು. ಎರಡೂ ಕೂಡಿದರೆ ಕ್ಲೋರಿನ್ ಅನಿಲ. ಎದೆ ಹಿಡಿದುಕೊಂಡಿತು, ಕಣ್ಣು ಬಿಡಲಾಗಲಿಲ್ಲ, ಗೋಡೆ ತಡವುತ್ತ ಹೊರಗೆ ಬಂದು ಜಗಲಿಯ ಮೇಲೆ ಬಹಳ ಹೊತ್ತು ಕೆಮ್ಮಿದೆ. ಚೀಟಿ ಇಲ್ಲದ ಬಾಟಲಿಯನ್ನು ಈಗ ಮೂಸುವುದಿಲ್ಲ, ಸುರಿಯುವುದಿಲ್ಲ. ನೆಟ್ಟಗೆ ನಿಲ್ಲಿಸಿ ಬೇರೆ ಕ್ರೇಟಿನಲ್ಲಿ ಇಡುತ್ತೇವೆ.

ಅಟ್ಟ ಗುಡಿಸುವ ಮೊದಲು ನೀರು ಚಿಮುಕಿಸುತ್ತೇವೆ. ಇಲಿಯ ಹಿಕ್ಕೆ, ಉಚ್ಚೆ ಬಿದ್ದ ಜಾಗವಾದರೆ ಬ್ಲೀಚಿಂಗ್ ಬೆರೆಸಿದ ನೀರೇ ಬೇಕು. ಇಲಿಜ್ವರ ಬರುವುದು ಕೈಕಾಲಿನ ಒಡಕುಗಳ ಮೂಲಕವೂ ಹೌದು, ಆದ್ದರಿಂದ ಗಾಯವಿದ್ದವನಿಗೆ ಆ ದಿನ ಅಟ್ಟದ ಕೆಲಸವಿಲ್ಲ. ಕಬ್ಬಿಣದ ಬೀರುವನ್ನು ಮೆಟ್ಟಿಲಲ್ಲಿ ಇಳಿಸುವಾಗ ಕೆಳಗೆ ಹಿಡಿದವನೊಬ್ಬನೇ ಮಾತಾಡಬೇಕು. ಭಾರ ಬೀಳುವುದು ಅವನ ಮೇಲೆ, ಮೆಟ್ಟಿಲು ಸರಿಯಾಗಿ ಕಾಣದಿರುವುದೂ ಅವನಿಗೇ. ಅವನು "ಇಳಿಸಿ" ಎಂದರೆ ಇಳಿಸುವುದು, "ನಿಲ್ಲಿ" ಎಂದರೆ ನಿಲ್ಲುವುದು. ಮೇಲಿರುವ ಇಬ್ಬರೂ ಹಗ್ಗವನ್ನು ಕಂಬಕ್ಕೋ ಕಿಟಕಿಯ ಸರಳಿಗೋ ಒಂದು ಸುತ್ತು ಹಾಕಿಯೇ ಬಿಡುತ್ತಾ ಬರಬೇಕು.

ನಾಳೆ ಕುವೆಂಪುನಗರದಲ್ಲಿ ಒಂದು ಮನೆ ಇದೆ. ಹಿತ್ತಲಿನ ಶೆಡ್ಡಿಗೆ ಹಳೆಯ ಸಿಮೆಂಟ್ ಶೀಟು ಹೊದಿಸಿದೆ, ಅದನ್ನೂ ತೆಗೆದುಕೊಡಿ ಎಂದು ಫೋನಿನಲ್ಲಿ ಹೇಳಿದರು. ಆ ಶೀಟು ಕಾಲಿಟ್ಟರೆ ಮುರಿಯುತ್ತದೆ, ಮುರಿದರೆ ಅದರೊಳಗಿನ ಆಸ್ಬೆಸ್ಟಾಸ್ ನಾರು ಗಾಳಿಗೆ ಹಾರಿ ಶ್ವಾಸಕೋಶ ಸೇರುತ್ತದೆ. ಒಂದೇ ದಿನದಲ್ಲಿ ಮುಗಿಸಿಕೊಡಲು ಆಗುವುದಿಲ್ಲವೇ ಎಂದು ಅವರು ಕೇಳಿದಾಗ, ಆಗುವುದಿಲ್ಲ ಸಾರ್, ಶೀಟುಗಳನ್ನು ನೆನೆಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಳಿಸಬೇಕು, ಎರಡು ದಿನ ಬೇಕು ಎಂದೆ. ಒಪ್ಪಿದರು. ಏಣಿ, ಉದ್ದದ ಎರಡು ಹಲಗೆ, ನೀರಿನ ಪೈಪು, ಸಣ್ಣ ನಾರನ್ನೂ ತಡೆಯುವ ಐದು ಪಿ100 ಮುಖಗವಸು ಈಗಾಗಲೇ ಗಾಡಿಯಲ್ಲಿವೆ.